ಕಲಬುರಗಿಯ ಕಾನ್‌ಸೇನರು: ಮನೋಧರ್ಮ ಸಂಗೀತವನ್ನು ಕೇಳಿದವರ ಚರಿತ್ರೆ

ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹಾಡಿದವರ ಕಡೆಯಿಂದಲೇ ಬರೆದಿದ್ದಾರೆ. ಗುರು ಯಾರು, ಘರಾಣೆ ಯಾವುದು, ಯಾವ ಸಂಸ್ಥಾನ ಆಶ್ರಯ ಕೊಟ್ಟಿತು, ಯಾವ ಪ್ರಶಸ್ತಿ ಸಂದಿತು ಎಂಬ ಕ್ರಮದಲ್ಲಿ ಸಾಗುವ ಈ ಬರಹಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ, ಕುಂದಗೋಳಗಳಿಗೆ ಸಿಕ್ಕಿರುವ ಜಾಗ ಕಲಬುರಗಿಗೆ ಸಿಕ್ಕಿಲ್ಲ. ಈ ಊರಿನ ಹೆಸರು ಹೊತ್ತ ಘರಾಣೆಯೊಂದು ಇಲ್ಲವಾದ್ದರಿಂದ ಸಂಗೀತದ ನಕ್ಷೆಯಲ್ಲಿ ಅದು ರಾಯಚೂರಿಗೂ ಸೊಲ್ಲಾಪುರಕ್ಕೂ ನಡುವಿನ ಒಂದು ನಿಲ್ದಾಣವಾಗಿ ಮಾತ್ರ ಉಳಿದುಬಿಟ್ಟಿದೆ. ಆದರೆ ಮುಂಚೆಯೇ ಬರೆದಿಟ್ಟುಕೊಳ್ಳದೆ ಹಾಡುವ ಹೊತ್ತಿನಲ್ಲೇ ಹುಟ್ಟುವ ಸಂಗೀತಕ್ಕೆ, ಅಂದರೆ ದಕ್ಷಿಣಾದಿಯವರು ಮನೋಧರ್ಮ ಎಂದೂ ಹಿಂದೂಸ್ತಾನಿಯವರು ಉಪಜ್ ಎಂದೂ ಕರೆಯುವ ಸ್ವಯಂಸ್ಫೂರ್ತಿಯ ಕಲೆಗೆ, ಹಾಡುವವನಷ್ಟೇ ಕೇಳುವವನೂ ಬೇಕು. ಬರೆದಿಟ್ಟ ಕೃತಿ ಕೇಳುಗನಿಲ್ಲದೆಯೂ ಹಾಳೆಯ ಮೇಲೆ ಉಳಿದೀತು. ಆಶುವಾಗಿ ಬೆಳೆಯುವ ರಾಗಕ್ಕೆ ಎದುರಿಗೆ ಕುಳಿತವರ ಕಿವಿಯೇ ನೆಲೆ. ಉತ್ತರ ಕರ್ನಾಟಕದ ಮೆಹಫಿಲ್‌ಗಳಲ್ಲಿ ತಾನ್‌ಸೇನನಿಗೆ ಜೋಡಿಯಾಗಿ ಕಾನ್‌ಸೇನ (ಕಾನ್ ಎಂದರೆ ಕಿವಿ) ಎಂಬ ಗೌರವದ ಹೆಸರು ನುರಿತ ಕೇಳುಗನಿಗೆ ಸಲ್ಲುತ್ತದೆ. ಅಂಥ ಕಾನ್‌ಸೇನರ ಕಡೆಯಿಂದ ಚರಿತ್ರೆಯನ್ನು ಬರೆದರೆ ಕಲಬುರಗಿ ಅಂಚಿನ ಊರಲ್ಲ, ಆರು ಶತಮಾನಗಳ ಶಿಸ್ತುಬದ್ಧ ಶ್ರವಣದ ಊರು ಎಂಬುದು ಕಾಣುತ್ತದೆ.

ಆ ಶಿಸ್ತಿನ ಮೊದಲ ಲಿಖಿತ ಕುರುಹುಗಳು ಬಹಮನಿ ಕಾಲದವು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ರಾಜಧಾನಿಯಾಗಿದ್ದ ಕಲಬುರಗಿಗೆ, ತೈಮೂರನ ದಾಳಿಯ ಹೊತ್ತಿನಲ್ಲಿ ದೆಹಲಿಯನ್ನು ಬಿಟ್ಟು ಹೊರಟ ಸೈಯದ್ ಮುಹಮ್ಮದ್ ಹುಸೈನಿ ಗೇಸೂದರಾಜ್, ಅಂದರೆ ಜನರ ಬಾಯಲ್ಲಿ ಖ್ವಾಜಾ ಬಂದೇನವಾಜ್, ಸುಲ್ತಾನ ಫಿರೋಜ್ ಶಹಾನ ಆಳ್ವಿಕೆಯಲ್ಲಿ ಬಂದು ನೆಲೆಸಿದರು. 1321ರಲ್ಲಿ ಹುಟ್ಟಿ 1422ರಲ್ಲಿ ಕಾಲವಾದ ಅವರು ಚಿಶ್ತಿ ಪಂಥದವರು. ದೆಹಲಿಯ ನಸೀರುದ್ದೀನ್ ಚಿರಾಗ್ ಅವರ ಶಿಷ್ಯರು. ಚಿಶ್ತಿಗಳ ಸಾಧನೆಯಲ್ಲಿ ಸಮಾ ಎಂಬುದಕ್ಕೆ ದೊಡ್ಡ ಸ್ಥಾನವಿದೆ. ಭಕ್ತಿಪದಗಳನ್ನು ಹಾಡಿಸಿ ಅದನ್ನು ಉಪಾಸನೆಯಾಗಿ ಆಲಿಸುವ ಕೂಟವೇ ಸಮಾ. ಅಲ್ಲಿ ಸಾಧಕನ ಸ್ಥಾನ ಹಾಡುವ ಖವ್ವಾಲನದಲ್ಲ, ಕೇಳುವವನದು. ಆದ್ದರಿಂದಲೇ ಸೂಫಿ ಗ್ರಂಥಗಳು ಹಾಡುವ ರೀತಿಗಿಂತ ಕೇಳುವ ರೀತಿಗೆ ಹೆಚ್ಚು ನಿಯಮಗಳನ್ನು ಮಾಡಿಟ್ಟವು. ಬಾಗ್ದಾದಿನ ಜುನೈದರಿಂದ ಬಂದದ್ದೆಂದು ಗಜ್ಜಾಲಿ ದಾಖಲಿಸಿರುವ ಮೂರು ಷರತ್ತುಗಳು ಇವು: ಕಾಲ ಸರಿಯಾಗಿರಬೇಕು, ಸ್ಥಳ ಸರಿಯಾಗಿರಬೇಕು, ಜೊತೆಗೆ ಕುಳಿತವರು ಸರಿಯಾಗಿರಬೇಕು. ಮನಸ್ಸು ಬೇರೆ ಕೆಲಸದಲ್ಲಿದ್ದಾಗ, ದಾರಿಹೋಕರ ಗದ್ದಲದ ನಡುವೆ, ರುಚಿಯಿಲ್ಲದವರ ಸಂಗಡ ಕೇಳುವುದು ಕೇಳದಿರುವುದಕ್ಕಿಂತ ಕೆಟ್ಟದ್ದು ಎಂಬ ಈ ನಿಲುವು ಇಂದಿನ ಯಾವ ಸಂಗೀತಾಸಕ್ತನಿಗೂ ಹೊಸದೆನಿಸದು.

ಬಂದೇನವಾಜರ ಮಾತುಗಳನ್ನು ಅವರ ಮಗ ಸಂಗ್ರಹಿಸಿದ ‘ಜವಾಮಿಉಲ್ ಕಲಿಮ್’ ಎಂಬ ಗ್ರಂಥದಲ್ಲಿ ಸಮಾದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಫಾರಸಿಯಲ್ಲಿ ಪಳಗಿದ ಆ ವಿದ್ವಾಂಸರು ಹಿಂದವಿ ಭಾಷೆಯ ಹಾಡಿನಲ್ಲಿ ಒಂದು ಮೃದುತ್ವವಿದೆಯೆಂದೂ ಅದು ಹೃದಯವನ್ನು ಕರಗಿಸಿ ವಿನಯಕ್ಕೆ ತರುತ್ತದೆಂದೂ ಅಭಿಪ್ರಾಯಪಟ್ಟಿದ್ದಾರೆ. ಎರಡು ಭಾಷೆಗಳ ಸಂಗೀತವನ್ನು ಅಕ್ಕಪಕ್ಕ ಇಟ್ಟು, ತಮ್ಮ ಮೇಲಾದ ಪರಿಣಾಮವನ್ನು ಅಳೆದು, ವ್ಯತ್ಯಾಸವನ್ನು ಮಾತಿನಲ್ಲಿ ಹಿಡಿದ ಈ ಅಭಿಪ್ರಾಯವನ್ನು ದಖನಿನ ಸಂಗೀತ ವಿಮರ್ಶೆಯ ಆರಂಭದ ಮಾತುಗಳಲ್ಲಿ ಒಂದೆಂದು ಎಣಿಸಬೇಕು. ಅದು ಬಂದದ್ದು ಗಾಯಕನಿಂದಲ್ಲ, ಕೇಳುಗನಿಂದ.

ಸಮಾದಲ್ಲಿ ಮನೋಧರ್ಮ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಖವ್ವಾಲನು ಒಂದು ಪದವನ್ನು ಎತ್ತಿಕೊಂಡು, ಅದರ ನಡುವೆ ಬೇರೊಬ್ಬ ಕವಿಯ ಸಾಲುಗಳನ್ನು ಗಂಟುಹಾಕುತ್ತಾನೆ. ಇದಕ್ಕೆ ಗಿರಹ ಎಂದು ಹೆಸರು. ಯಾವ ಸಾಲನ್ನು ಯಾವಾಗ ತರಬೇಕು, ಯಾವುದನ್ನು ಎಷ್ಟು ಸಲ ತಿರುಗಿ ಹಾಡಬೇಕು ಎಂಬುದು ಮೊದಲೇ ನಿಶ್ಚಯವಾಗಿರುವುದಿಲ್ಲ. ಸಭೆಯಲ್ಲಿ ಯಾರಾದರೊಬ್ಬರು ಒಂದು ಸಾಲಿಗೆ ಮೈಮರೆತು ಭಾವಾವೇಶದ ಸ್ಥಿತಿಗೆ, ಅಂದರೆ ಹಾಲ್ ಎನ್ನುವ ಅವಸ್ಥೆಗೆ ಹೋದರೆ ಖವ್ವಾಲನು ಆ ಸಾಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು ತಿಳಿಗೊಳ್ಳುವ ತನಕ ಅದನ್ನೇ ಹಾಡುತ್ತಿರಬೇಕು. ರೆಗುಲಾ ಖುರೇಶಿ ಅವರು 1986ರಲ್ಲಿ ಪ್ರಕಟಿಸಿದ ಖವ್ವಾಲಿಯ ಅಧ್ಯಯನವು, ಹಾಡಿನ ಉದ್ದ, ವೇಗ, ಪುನರಾವರ್ತನೆ ಎಲ್ಲವೂ ಎದುರಿಗಿರುವ ಕೇಳುಗರ ಸ್ಥಿತಿಯಿಂದಲೇ ರೂಪುಗೊಳ್ಳುವುದನ್ನು ದೆಹಲಿಯ ನಿಜಾಮುದ್ದೀನ್ ದರ್ಗಾದ ಕೂಟಗಳನ್ನು ಆಧಾರವಾಗಿಟ್ಟುಕೊಂಡು ವಿವರವಾಗಿ ತೋರಿಸಿದೆ. ಪ್ರತಿವರ್ಷ ಜುಲ್ಕಾದಾ ತಿಂಗಳಲ್ಲಿ ನಡೆಯುವ ಬಂದೇನವಾಜ್ ಉರುಸಿಗೆ ಸೇರುವ ಜನಸಾಗರದಲ್ಲಿ ಮುಸಲ್ಮಾನರಷ್ಟೇ ಅಲ್ಲದೆ ಲಿಂಗಾಯತ, ಕುರುಬ, ದಲಿತ ಕುಟುಂಬಗಳೂ ಇರುತ್ತವೆ. ಭಾಷೆ ಪೂರ್ತಿ ತಿಳಿಯದಿದ್ದರೂ ಸಾಲು ತಿರುಗಿ ಬಂದಾಗ ಅದನ್ನು ಗುರುತಿಸುವ ಕಿವಿ ಈ ಜಿಲ್ಲೆಯ ಜನರಿಗೆ ಇಂಥ ಕೂಟಗಳಿಂದಲೂ ಬಂದಿರಬೇಕು.

ಈ ಸಂತನ ಪ್ರಭಾವ ಮುಂದೆ ವಿಜಯಪುರದ ಆಸ್ಥಾನಕ್ಕೂ ತಲುಪಿತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಹಾ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ ರಾಗಗಳ ಅಡಿಯಲ್ಲಿ ಜೋಡಿಸಿದ ಪದಗಳ ಸಂಕಲನ. ಅದರಲ್ಲಿ ಸರಸ್ವತಿ, ಗಣಪತಿಯರ ಜೊತೆಗೆ ಕಲಬುರಗಿಯ ಗೇಸೂದರಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ಈ ದೊರೆಯ ಸಂಗೀತ ಪ್ರೇಮವನ್ನು ಕುರಿತು ಸಾಕಷ್ಟು ಬರಹಗಳಿವೆಯಾದ್ದರಿಂದ ಇಲ್ಲಿ ಅದನ್ನು ಬೆಳೆಸುವ ಅಗತ್ಯವಿಲ್ಲ.

ಅರಮನೆ, ದರ್ಗಾಗಳ ಆಚೆಗೆ, ಒಕ್ಕಲು ಮಕ್ಕಳ ನಡುವೆ ಮನೋಧರ್ಮದ ಕೇಳ್ಮೆ ಬೆಳೆದ ದಾರಿ ಇದಕ್ಕಿಂತ ಮುಖ್ಯವಾದುದು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಪರಂಪರೆಯ ತತ್ವಪದಕಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಪದಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಅಮಾವಾಸ್ಯೆ–ಹುಣ್ಣಿಮೆಗಳ ರಾತ್ರಿ ಭಜನೆಗಳಲ್ಲಿ ಇಂದಿಗೂ ಹಾಡಾಗಿ ಬರುತ್ತಿವೆ. ಭಜನೆಯ ರಾತ್ರಿಯಲ್ಲಿ ಒಬ್ಬನು ಎತ್ತಿದ ಪದಕ್ಕೆ ಇನ್ನೊಬ್ಬನು ಅದೇ ಅರ್ಥದ ಜಾಡು ಹಿಡಿದು ಬೇರೆ ಪದದಿಂದ ಉತ್ತರ ಕೊಡುತ್ತಾನೆ. ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿ ಎಂಬ ಎರಡು ಪಕ್ಷಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ನಡೆಸುವ ಸವಾಲು–ಜವಾಬುಗಳಲ್ಲಿ ಈ ಆಶುಗುಣ ಮತ್ತಷ್ಟು ಮೊನಚಾಗುತ್ತದೆ. ಇಲ್ಲೆಲ್ಲ ತೀರ್ಪು ಕೊಡುವವರು ಕುಳಿತು ಕೇಳುವ ಜನ. ಉತ್ತರ ಸವಾಲಿಗೆ ಕೂಡಿತೋ ಇಲ್ಲವೋ, ಧಾಟಿ ತಪ್ಪಿತೋ ನಿಂತಿತೋ ಎಂಬುದನ್ನು ಅವರ ಉದ್ಗಾರವೇ ಹೇಳಿಬಿಡುತ್ತದೆ.

ಕಲಬುರಗಿ ಸೀಮೆಯಲ್ಲಿ ರಾಗಸಂಗೀತವನ್ನು ಸಾಮಾನ್ಯ ಜನರ ಕಿವಿಗೆ ತಲುಪಿಸಿದ ದೊಡ್ಡ ಶಾಲೆ ಪುರಾಣ. ಇಲ್ಲಿ ಪುರಾಣ ಎಂದರೆ ಗ್ರಂಥವಷ್ಟೇ ಅಲ್ಲ, ಶ್ರಾವಣ ಮಾಸದಲ್ಲಿ ಅಥವಾ ಜಾತ್ರೆಗೆ ಮುಂಚೆ ಗುಡಿ, ಮಠಗಳ ಅಂಗಳದಲ್ಲಿ ಅನೇಕ ದಿನಗಳ ಕಾಲ ಸಂಜೆಯ ಮೇಲೆ ನಡೆಯುವ ಪ್ರವಚನ. ಶರಣಬಸವೇಶ್ವರರ ಚರಿತ್ರೆಯನ್ನೋ ಬಸವ ಪುರಾಣವನ್ನೋ ಶಾಸ್ತ್ರಿಗಳು ಹೇಳುತ್ತಿರುವಾಗ ಪಕ್ಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ಮುಂದಿಟ್ಟುಕೊಂಡ ಗವಾಯಿಯೂ ಅವನಿಗೆ ಸಾಥ್ ಕೊಡುವ ತಬಲಾದವನೂ ಕುಳಿತಿರುತ್ತಾರೆ. ಕಥೆ ಒಂದು ಘಟ್ಟಕ್ಕೆ ಬಂದಾಗ ಶಾಸ್ತ್ರಿಗಳು ಮಾತು ನಿಲ್ಲಿಸುತ್ತಾರೆ, ಗವಾಯಿ ಆ ಸನ್ನಿವೇಶಕ್ಕೆ ಒಪ್ಪುವ ರಾಗದಲ್ಲಿ ವಚನವನ್ನೋ ಪದವನ್ನೋ ಎತ್ತಿಕೊಳ್ಳುತ್ತಾನೆ. ವಿರಹದ ಪ್ರಸಂಗಕ್ಕೆ ಒಂದು ರಾಗ, ವೀರಭದ್ರನ ಪ್ರಸಂಗಕ್ಕೆ ಇನ್ನೊಂದು. ಜನ ಕಣ್ಣೀರಾದರೆ ಆಲಾಪ ಲಂಬಿಸುತ್ತದೆ, ಜನ ತೂಕಡಿಸಿದರೆ ಲಯ ಏರುತ್ತದೆ. ರಾಗದ ಹೆಸರನ್ನು ಒಮ್ಮೆಯೂ ಹೇಳದೆ ರಾಗದ ಚಹರೆಯನ್ನು ವರ್ಷವರ್ಷವೂ ಮನದಟ್ಟು ಮಾಡಿಸಿದ ಈ ಪದ್ಧತಿಯನ್ನು ಸಂಗೀತ ಶಿಕ್ಷಣದ ಚರಿತ್ರೆಯಲ್ಲಿ ಯಾರೂ ಎಣಿಸದಿರುವುದು ದೊಡ್ಡ ಲೋಪ.

ಈ ಗವಾಯಿಗಳಲ್ಲಿ ಅನೇಕರು ಪಂಚಾಕ್ಷರಿ ಗವಾಯಿಗಳ ಪರಂಪರೆಯವರು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ದಕ್ಷಿಣಾದಿಯ ಜೊತೆಗೆ ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿಯನ್ನೂ ಕಲಿತು, ಅಂಧ ಮತ್ತು ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತಲೇ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಆ ಶಿಷ್ಯವರ್ಗವನ್ನು ಇನ್ನೂ ವಿಸ್ತರಿಸಿದರು. ಆಶ್ರಮದಲ್ಲಿ ಕಲಿತವರಲ್ಲಿ ವೆಂಕಟೇಶಕುಮಾರರಂಥ ಕೆಲವರು ದೇಶದ ದೊಡ್ಡ ವೇದಿಕೆಗಳಿಗೆ ಏರಿದರು. ಹೆಸರಾಗದೆ ಉಳಿದ ನೂರಾರು ಜನ ಹಳ್ಳಿಯ ಪುರಾಣಗಳಿಗೆ ಗವಾಯಿಗಳಾಗಿ, ಶಾಲೆಗಳಿಗೆ ಸಂಗೀತ ಮಾಸ್ತರರಾಗಿ ಹೋದರು. ದೊಡ್ಡ ಗಾಯಕರ ಕಛೇರಿಗೆ ಮೆಚ್ಚಿ ತಲೆದೂಗುವ ಜನರನ್ನು ತಯಾರು ಮಾಡಿದವರು ಈ ಎರಡನೆಯ ಗುಂಪಿನವರೇ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಮತ್ತು ಧಾರವಾಡದ ಮಲ್ಲಿಕಾರ್ಜುನ ಮನಸೂರರು (1910–1992), ತಾಳದ ಕಟ್ಟಿಗೆಂದು ಬರೆದದ್ದಲ್ಲದ ವಚನಗದ್ಯವನ್ನು ರಾಗದಲ್ಲಿ ಬೆಳೆಸಿ ಹಾಡಿದಾಗ ಅದು ಈ ಭಾಗದವರಿಗೆ ಪ್ರಯೋಗವೆನಿಸದೆ ಮನೆಯ ಮಾತಿನಂತೆ ಕೇಳಿಸಿದ್ದಕ್ಕೆ ಪುರಾಣದ ರಾತ್ರಿಗಳ ಪೂರ್ವಾಭ್ಯಾಸವೇ ಕಾರಣ.

ಕಲಬುರಗಿಯಿಂದ ಈಶಾನ್ಯಕ್ಕೆ ಹೊರಟ ಹೆದ್ದಾರಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ಹಾದು ಹುಮನಾಬಾದಿಗೆ ಹೋಗುತ್ತದೆ. ಹುಮನಾಬಾದಿಗೆ ಹತ್ತಿಕೊಂಡಂತಿರುವ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು (1817–1865) ಸ್ಥಾಪಿಸಿದ ಸಂಸ್ಥಾನ ಸಂಗೀತಕ್ಕೆ ಕೊಟ್ಟ ಮಾನ ಈ ಸೀಮೆಯಲ್ಲಿ ಅಪೂರ್ವ. ಸಕಲ ಮತಗಳನ್ನೂ ಗೌರವಿಸಬೇಕೆಂದು ಬೋಧಿಸಿದ ಪ್ರಭುಗಳು ಸ್ವತಃ ಹಲವು ಭಾಷೆಗಳಲ್ಲಿ ರಾಗಬದ್ಧ ಪದಗಳನ್ನು ರಚಿಸಿದರು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯ ದರ್ಬಾರಿನಲ್ಲಿ ಕಲಾವಿದರು ಗಾದಿಯ ಎದುರು ಸೇವೆಯೆಂದು ಹಾಡುವ, ನುಡಿಸುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಟಿಕೇಟಿನ ಕಛೇರಿಯಲ್ಲಿ ಗಾಯಕನಿಗೆ ಗಡಿಯಾರದ ಅಂಕೆ ಇರುತ್ತದೆ, ದರ್ಬಾರಿನಲ್ಲಿ ಹಾಗಿಲ್ಲ. ರಾತ್ರಿ ಸರಿದಂತೆ ರಾಗಗಳ ಸಮಯವೂ ಸರಿಯುತ್ತದೆ, ಹಗಲಿನ ಕಛೇರಿಯಲ್ಲಿ ಕೇಳಸಿಗದ ಅಪರಾತ್ರಿಯ ರಾಗಗಳು ತಮ್ಮ ವೇಳೆಯಲ್ಲೇ ಬರುತ್ತವೆ. ಕಮಲಾಪುರದ ರಸ್ತೆ ಹೀಗೆ ಎರಡು ದೊಡ್ಡ ಶ್ರವಣಕೇಂದ್ರಗಳನ್ನು, ಒಂದು ತುದಿಯ ದರ್ಗಾವನ್ನೂ ಇನ್ನೊಂದು ತುದಿಯ ದತ್ತಪೀಠವನ್ನೂ ಜೋಡಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕೇಳುವ ಕ್ರಮವನ್ನೇ ಬದಲಿಸಿದ್ದು ಯಂತ್ರ. ಮುಂಬಯಿಯಿಂದ ಹೊರಟ ರೈಲುದಾರಿ 1871ರಲ್ಲಿ ಕಲಬುರಗಿಯನ್ನು ದಾಟಿ ರಾಯಚೂರನ್ನು ಮುಟ್ಟಿದ ಮೇಲೆ ಮರಾಠಿ ಸಂಗೀತ ನಾಟಕಗಳಿಗೂ ಗಾಯಕರಿಗೂ ಈ ಮಾರ್ಗ ಸುಲಭವಾಯಿತು; ಮುಂದೆ ಗ್ರಾಮಫೋನ್ ಬಂತು. ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರರಿಂದ ನಾಲ್ಕು ನಿಮಿಷ. ಗಂಟೆಗಟ್ಟಲೆ ಬೆಳೆಯುವ ಖಯಾಲನ್ನು ಅಷ್ಟರಲ್ಲಿ ಅಡಗಿಸಬೇಕಾದಾಗ ಗಾಯಕರು ರಾಗದ ಸಾರವನ್ನು ಮಾತ್ರ ಹಿಂಡಿ ಕೊಟ್ಟರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ (1872–1937) ಮುದ್ರಿಕೆಗಳು ಇದಕ್ಕೆ ಉತ್ತಮ ನಿದರ್ಶನ. ಅವರ ಜಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿದ ಗದಗಿನ ಹುಡುಗನೊಬ್ಬ ಅಂಥ ಸಂಗೀತ ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಹೋದನು. ಆ ಹುಡುಗನೇ ಮುಂದೆ ಭೀಮಸೇನ ಜೋಶಿ ಎಂದು ಹೆಸರಾದನು. ಆದರೆ ತಟ್ಟೆ ಕೇಳುಗನಿಗೆ ಒಂದು ಹೊಸ ಶಕ್ತಿಯನ್ನೂ ಒಂದು ಹೊಸ ಅಪಾಯವನ್ನೂ ಕೊಟ್ಟಿತು. ಅದೇ ಹರಕತ್ತನ್ನು, ಅಂದರೆ ಸ್ವರದ ಕುಸುರಿಯನ್ನು, ಹತ್ತಾರು ಸಲ ತಿರುಗಿಸಿ ಕೇಳಿ ಅದರ ಒಳಹೊರಗನ್ನು ತಿಳಿಯಬಹುದಾಯಿತು. ಜೊತೆಗೇ, ಆ ಕ್ಷಣದಲ್ಲಿ ಹುಟ್ಟಿದ್ದು ಶಾಶ್ವತ ಪಾಠವಾಗಿ ಕುಳಿತು, ಮುಂದಿನ ಕಛೇರಿಯಲ್ಲಿ ಗಾಯಕನು ಹಾಗೆಯೇ ಹಾಡಲಿಲ್ಲವೆಂದು ನಿರಾಶೆಪಡುವ ಶ್ರೋತೃವೂ ಹುಟ್ಟಿಕೊಂಡನು.

ನಿಜಾಮರ ಹೈದರಾಬಾದಿನಲ್ಲಿ 1935ರಲ್ಲಿ ದಕ್ಕನ್ ರೇಡಿಯೊ ಆರಂಭವಾದಾಗ ಕಲಬುರಗಿ ಆ ಸಂಸ್ಥಾನಕ್ಕೇ ಸೇರಿತ್ತು. 1950ರಲ್ಲಿ ಅದು ಆಕಾಶವಾಣಿಯಲ್ಲಿ ವಿಲೀನವಾಯಿತು, ಅದೇ ವರ್ಷ ಧಾರವಾಡ ಕೇಂದ್ರವೂ ಶುರುವಾಯಿತು. 1952ರಿಂದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಿಂದ ಆಕಾಶವಾಣಿ ಸಂಗೀತ ಸಮ್ಮೇಳನ ದೇಶದ ಮೇಲ್ಮಟ್ಟದ ಗಾಯನ–ವಾದನಗಳನ್ನು ಮನೆಬಾಗಿಲಿಗೆ ತಂದವು. 1956ರಲ್ಲಿ ಕನ್ನಡ ಜಿಲ್ಲೆಗಳು ಒಂದುಗೂಡಿ ಹತ್ತು ವರ್ಷಗಳಾದ ಮೇಲೆ, 1966ರಲ್ಲಿ, ಕಲಬುರಗಿಗೆ ಸ್ವಂತ ಆಕಾಶವಾಣಿ ಕೇಂದ್ರ ಬಂತು. ಹಳೆಯ ಊರಿನ ಮಠ, ದರ್ಗಾಗಳ ಅಂಗಳದಿಂದ ದೂರವಾಗಿ, ಸ್ಥಳೀಯರು ‘ಪ್ಲಾಟ್’ ಎಂದು ಕರೆಯುವ ಖೂಬಾ ಪ್ಲಾಟ್‌ನಂಥ ಬಡಾವಣೆಗಳಲ್ಲಿ ನೆಲೆಸಿದ ನೌಕರರ, ಶಿಕ್ಷಕರ, ವ್ಯಾಪಾರಿಗಳ ಮನೆಗಳಿಗೆ ರಾಗವನ್ನು ಮುಟ್ಟಿಸಿದ್ದು ಈ ಬಾನುಲಿ. ದರ್ಗಾದ ಸಮಾದಲ್ಲೂ ಪುರಾಣದ ಅಂಗಳದಲ್ಲೂ ಕೇಳುಗನ ಪ್ರತಿಕ್ರಿಯೆ ಹಾಡನ್ನು ತಿದ್ದುತ್ತಿತ್ತು. ರೇಡಿಯೊದ ಮುಂದೆ ಅವನು ‘ವಾಹ್’ ಎಂದರೂ ಗಾಯಕನಿಗೆ ಕೇಳಿಸದು. ಈ ನಷ್ಟವನ್ನು ತುಂಬಿಕೊಳ್ಳಲು ಕೇಳುಗನು ಬೇರೊಂದು ಶಿಸ್ತನ್ನು ರೂಢಿಸಿಕೊಂಡನು: ರಾಗದ ಹೆಸರು ಪ್ರಕಟಿಸುವ ಮೊದಲೇ ಗುರುತಿಸುವುದು, ಗಾಯಕನ ಘರಾಣೆಯನ್ನು ಸ್ವರ ಹಚ್ಚುವ ರೀತಿಯಿಂದಲೇ ಊಹಿಸುವುದು, ಮನಸೂರರು ಹಾಡುವ ಜೋಡುರಾಗದಲ್ಲಿ ಎಲ್ಲಿ ಒಂದು ಮುಗಿದು ಇನ್ನೊಂದು ತಲೆಯೆತ್ತಿತು ಎಂದು ಲೆಕ್ಕ ಹಿಡಿಯುವುದು.

ನುರಿತ ಕೇಳುಗನು ಒಂದು ಖಯಾಲನ್ನು ಕೇಳುವಾಗ ಅವನೊಳಗೆ ನಡೆಯುವ ಕೆಲಸ ಸಣ್ಣದಲ್ಲ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ ಆವರ್ತ ಬೆರಳಿನಲ್ಲಿ ಓಡುತ್ತಿರುತ್ತದೆ. ಬಂದಿಶಿನ ಮೊದಲ ತುಣುಕಾದ ಮುಖಡಾ ಎಲ್ಲಿ ಎದ್ದು, ಆವರ್ತದ ಮೊದಲ ಪೆಟ್ಟಾದ ಸಮ್‌ನ ಮೇಲೆ ಹೇಗೆ ಬಂದು ಕೂರುತ್ತದೆಂಬುದು ಅವನಿಗೆ ಗೊತ್ತು. ಗಾಯಕನು ಸ್ವರ ಸ್ವರವಾಗಿ ಮೇಲೇರುತ್ತಿರುವಾಗ ಮುಂದಿನ ಸ್ವರ ಯಾವುದೆಂದು ಅವನು ಕಾಯುತ್ತಿರುತ್ತಾನೆ, ಗಾಯಕನು ಅದನ್ನು ತಡೆದು ಹಿಡಿದಾಗ ಆ ತಡೆಯೇ ಅವನಿಗೆ ಸುಖ. ನಿರೀಕ್ಷೆ ಇಲ್ಲದವನಿಗೆ ಅನಿರೀಕ್ಷಿತವೂ ಇಲ್ಲ. ಮನೋಧರ್ಮ ಸಂಗೀತದ ರಸಾಸ್ವಾದ ಪೂರ್ತಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಸಾವಿರಾರು ಮೈಲಿ ಆಚೆ, ಅಮೆರಿಕದ ಕರಿಯ ಜನಾಂಗದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟಿದ ಜಾಜ್ ಸಂಗೀತದ ಕೇಳುಗನೂ ಇದೇ ಕೆಲಸವನ್ನು ಬೇರೆ ಸಾಮಗ್ರಿಯಿಂದ ಮಾಡುತ್ತಾನೆ. ಅಲ್ಲಿ ರಾಗದ ಬದಲು ಸ್ವರಗುಚ್ಛಗಳ, ಅಂದರೆ ಕಾರ್ಡ್‌ಗಳ, ಒಂದು ಗೊತ್ತಾದ ಸರಣಿಯಿರುತ್ತದೆ. ಹನ್ನೆರಡು ಬಾರ್‌ಗಳ, ಅಂದರೆ ತಾಳಖಂಡಗಳ, ಬ್ಲೂಸ್ ಅಥವಾ ಮೂವತ್ತೆರಡು ಬಾರ್‌ಗಳ ಹಾಡು ಒಂದು ಸುತ್ತು ಮುಗಿದು ಮತ್ತೆ ಮೊದಲಿಗೆ ಬರುವಾಗ ವಾದಕನು ಅದರ ಮೇಲೆ ಹೊಸ ರಾಗಧಾಟಿಯನ್ನು ಕಟ್ಟುತ್ತಾ ಹೋಗುತ್ತಾನೆ. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್‌ನ ರಾತ್ರಿಗಳಲ್ಲಿ ಬೆಳೆದ ಬೀಬಾಪ್ ಶೈಲಿಯಲ್ಲಿ ಆ ಸರಣಿ ಎಷ್ಟು ವೇಗವಾಗಿ, ಎಷ್ಟು ಜಟಿಲವಾಗಿ ಬದಲಾಗುತ್ತಿತ್ತೆಂದರೆ ಅದನ್ನು ಹಿಂಬಾಲಿಸಲು ಕೇಳುಗನೂ ಅಭ್ಯಾಸ ಮಾಡಬೇಕಾಯಿತು. 1959ರಲ್ಲಿ ಮೈಲ್ಸ್ ಡೇವಿಸ್ ಹೊರತಂದ ‘ಕೈಂಡ್ ಆಫ್ ಬ್ಲೂ’ ಕಾರ್ಡ್‌ಗಳ ಓಟವನ್ನು ಕಡಿಮೆ ಮಾಡಿ ಒಂದೊಂದು ಸ್ವರಶ್ರೇಣಿಯ, ಅಂದರೆ ಮೋಡ್‌ನ, ಮೇಲೆ ಬಹಳ ಹೊತ್ತು ನಿಲ್ಲುವ ದಾರಿ ಹಿಡಿದದ್ದರಿಂದ, ಖಯಾಲ್ ಕೇಳಿ ಬೆಳೆದ ಕಿವಿಗೆ ಜಾಜ್‌ನ ಒಳಗೆ ಹೋಗಲು ಅದು ಎಲ್ಲಕ್ಕಿಂತ ಸುಲಭದ ಬಾಗಿಲು. ರಾಗ ಮತ್ತು ಮೋಡ್ ಒಂದೇ ಎಂದು ಹೇಳುವುದು ತಪ್ಪು; ರಾಗಕ್ಕೆ ಅದರ ಚಲನೆ, ವಾದಿ–ಸಂವಾದಿ, ಹೊತ್ತು, ಭಾವಗಳ ಕಟ್ಟುಪಾಡಿದೆ, ಮೋಡ್‌ಗೆ ಅಷ್ಟಿಲ್ಲ. ಒಂದೇ ಆಗಿರುವುದು ಕೇಳುಗನ ತಾಳ್ಮೆ.

ಕರ್ನಾಟಕದಲ್ಲಿ ರಾಗ ಮತ್ತು ಜಾಜ್ ಎಂಬ ಈ ಎರಡು ಸಂಪ್ರದಾಯಗಳು ನಿಜವಾಗಿ ಕೈಜೋಡಿಸಿದ್ದು ಬೆಂಗಳೂರಿನಲ್ಲಿ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರು, ಗಾಯಕಿ ಆರ್.ಎ. ರಮಾಮಣಿ ಅವರ ಜೊತೆಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಅವರೊಡನೆ ನುಡಿಸಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದರು. ನಾಗಸ್ವರವನ್ನೂ ಅಭ್ಯಾಸ ಮಾಡಿದ್ದ ಮೇರಿಯಾನೊ ಅದರಲ್ಲಿ ರಮಾಮಣಿಯವರ ಧ್ವನಿಯನ್ನು ಮೊದಲು ಕೇಳಿ, ಅನಂತರ ಉತ್ತರಿಸುತ್ತಾರೆ. ನುಡಿಸುವವನೂ ಮೊದಲು ಕೇಳುಗನಾಗಿರಬೇಕೆಂಬುದಕ್ಕೆ ಕನ್ನಡನಾಡಿನಿಂದ ಕೊಡಬಹುದಾದ ಇದಕ್ಕಿಂತ ಸ್ಪಷ್ಟ ಉದಾಹರಣೆ ವಿರಳ. ಕಲಬುರಗಿಗೆ ಜಾಜ್ ಮೇಳಗಳು ನೇರವಾಗಿ ಬಂದು ಬೇರೂರಲಿಲ್ಲ. ಕಂಟೋನ್ಮೆಂಟ್, ಹೋಟೆಲು, ಕ್ಲಬ್ಬುಗಳ ಆಶ್ರಯದಲ್ಲಿ ಮುಂಬಯಿ, ಬೆಂಗಳೂರುಗಳಲ್ಲಿ ಬೆಳೆದ ಆ ಕಲೆಗೆ ಇಲ್ಲಿ ಅಂಥ ಆಸರೆ ಇರಲಿಲ್ಲ. ಆದರೂ ಸಮಾದ ಗಿರಹ, ಭಜನೆಯ ಪ್ರತ್ಯುತ್ತರ, ಪುರಾಣದ ಆಲಾಪಗಳಲ್ಲಿ ಪಳಗಿದ ಇಲ್ಲಿಯ ಶ್ರೋತೃವು ಜಾಜ್‌ನ ಎದುರು ಅಪರಿಚಿತನಾಗಿ ಕೂರಬೇಕಾಗಿಲ್ಲ.

ಇಂದು ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಕಛೇರಿಗಳು ನಡೆಯುತ್ತವೆ, ಶ್ರಾವಣದ ಪುರಾಣಗಳೂ ಉರುಸಿನ ಖವ್ವಾಲಿಗಳೂ ಉಳಿದಿವೆ, ಮೊಬೈಲಿನಲ್ಲಿ ಜಗತ್ತಿನ ಯಾವ ಸಂಗೀತವಾದರೂ ಕ್ಷಣದಲ್ಲಿ ಸಿಗುತ್ತದೆ. ಸಿಗದಿರುವುದು ಈ ಸೀಮೆಯದೇ ದಾಖಲೆ. ಪುರಾಣದ ಗವಾಯಿಗಳ ಹಾಡಿಕೆಯನ್ನು ಧ್ವನಿಮುದ್ರಿಸಿ ಕ್ರಮವಾಗಿ ಇಟ್ಟವರು ಕಡಿಮೆ. ಗುಡಿ, ಮಠಗಳ ಕಮಿಟಿಗಳ ಹಳೆಯ ಕರಪತ್ರ, ಲೆಕ್ಕದ ಪುಸ್ತಕಗಳಲ್ಲಿ ಯಾವ ವರ್ಷ ಯಾರು ಹಾಡಿದರೆಂಬ ವಿವರಗಳು ಗೆದ್ದಲಿಗೆ ಹೋಗುತ್ತಿವೆ. ಐವತ್ತು ವರ್ಷ ಕೇಳಿದ ಹಿರಿಯರ ನೆನಪು ಅವರೊಂದಿಗೇ ಮುಗಿಯುತ್ತಿದೆ. ಹಾಡಿದವರ ಸಂದರ್ಶನ ಮಾಡುವ ಸಂಶೋಧಕರು ಮುಂದಿನ ಸಲ ಖೂಬಾ ಪ್ಲಾಟ್‌ಗೋ ಕಮಲಾಪುರಕ್ಕೋ ಬಂದಾಗ, ಜೀವಮಾನವಿಡೀ ಕೇಳಿದವರ ಮನೆಗಳಿಗೂ ಹೋಗಿ, ಅವರು ಏನು ಕೇಳಿದರು, ಹೇಗೆ ಕೇಳಿದರು, ಯಾವುದನ್ನು ಒಪ್ಪಲಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಈ ಕೆಲಸವನ್ನು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.